ಬಾಯಿಗೆ ಬಟ್ಟೆ ಕಟ್ಟಿದವರ ಮಾತು

ನಾಟಕ ಮುಗಿದು ಹಾರ ತುರಾಯಿ ಆಗುವ ಹೊತ್ತಿಗೆ ಯಾರಾದರೊಬ್ಬರು ನನ್ನ ಪಕ್ಕದ ಕುರ್ಚಿಗೆ ಬಂದು ಕೂರುತ್ತಾರೆ. ಬಹಳ ಪ್ರೀತಿಯಿಂದಲೇ, ‘ಅಮ್ಮಾ, ನೀವು ಮೂಲತಃ ಎಲ್ಲಿಯವರು?’ ಎಂದು ಕೇಳುತ್ತಾರೆ. ಹೊಸಪೇಟೆ ಎನ್ನುತ್ತೇನೆ. ‘ಅದು ಸರಿ, ಅದಕ್ಕೂ ಮೊದಲು?’ ಅದಕ್ಕೂ ಮೊದಲು ನಮ್ಮಮ್ಮನ ಹೊಟ್ಟೆಯಲ್ಲಿದ್ದೆ, ಆ ಹೊಟ್ಟೆಯೂ ಹೊಸಪೇಟೆಯಲ್ಲೇ ಇತ್ತು ಎನ್ನುತ್ತೇನೆ. ನಗುತ್ತಾರೆ, ಆದರೆ ಬಿಡುವುದಿಲ್ಲ. ಕನ್ನಡ ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂಬುದು ಅವರ ಮುಂದಿನ ಪ್ರಶ್ನೆ. ತಲೆ ನರೆಯುವ ತನಕ ಕನ್ನಡ ನಾಟಕ ಬರೆದವಳನ್ನು ಹೀಗೆ ಕೇಳಬಹುದೇ ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಈಚೆಗೆ ಹಂಪಿಯ ಒಂದು ವೇದಿಕೆಯಲ್ಲಿ ಸ್ವಾಗತ ಮಾಡಿದ ಹುಡುಗ ‘ದೂರದ ಕಾಬೂಲಿನಿಂದ ಬಂದು ಕನ್ನಡಮ್ಮನ ಸೇವೆ ಮಾಡುತ್ತಿರುವ ಇಂಗಿನ ಖೈರುನ್ನಿಸಾ ಅವರು’ ಎಂದ. ಅವನ ಕೈಯಿಂದ ಮೈಕು ಇಸಿದುಕೊಂಡೆ. ಕಾಬೂಲು ನಾನು ನೋಡಿಲ್ಲಪ್ಪ, ಈಗ ಹೊಸಪೇಟೆ ಬಸ್ಸಿನಿಂದ ಇಳಿದು ಬಂದಿದ್ದೇನೆ, ಟಿಕೆಟ್ ಇನ್ನೂ ಪರ್ಸಿನಲ್ಲಿದೆ ಎಂದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. ಆ ಹುಡುಗನಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಬೂಲಿನ ಕಡೆಯಿಂದ ಬಂದವನು ನನ್ನ ಅಜ್ಜ. ಇಂಗಿನ ಚೀಲ ಹೊತ್ತು ಊರೂರು ತಿರುಗಿ, ಕಂಪ್ಲಿಯಲ್ಲಿ ಒಬ್ಬ ಹುಡುಗಿಯನ್ನು ಮದುವೆಯಾಗಿ, ಹೊಸಪೇಟೆಯಲ್ಲಿ ಅಕ್ಕಿ ಮಿಲ್ಲಿನ ಹಿಂಬದಿಯ ಮನೆಯೊಂದನ್ನು ಬಾಡಿಗೆಗೆ ಹಿಡಿದ. ನಾನು ಹುಟ್ಟುವ ಮೊದಲೇ ಅವನು ತೀರಿಕೊಂಡಿದ್ದ. ಕಂಪ್ಲಿಯ ಆ ಹುಡುಗಿ ನಮ್ಮ ದಾದಿ, ನನ್ನ ಅಬ್ಬಾನ ತಾಯಿ. ಮನೆಯೆಂದರೆ ಮುಂದೊಂದು ಪಡಸಾಲೆ, ನಡುವೆ ಅಡುಗೆಮನೆ, ಹಿಂದೆ ಒಂದೇ ಕಿಟಕಿಯ ಇಂಗಿನ ಕೋಣೆ. ಕಚ್ಚಾ ಇಂಗು ಮುಂಬಯಿಯಿಂದ ರೈಲಿನಲ್ಲಿ ಚರ್ಮದ ಗಂಟುಗಳಾಗಿ ಬರುತ್ತಿತ್ತು. ಸ್ಟೇಷನ್ನಿನ ಹಮಾಲರು ನಮ್ಮ ಗಂಟನ್ನು ಉಳಿದ ಸಾಮಾನಿನಿಂದ ದೂರ ಇಟ್ಟು, ಜಲ್ದಿ ಒಯ್ಯಿರಿ ಎಂದು ಹೇಳಿ ಕಳಿಸುತ್ತಿದ್ದರು. ನಮ್ಮ ಗೋಡೆ, ಹಾಸಿಗೆ, ನನ್ನ ಜಡೆ, ಪಾಟಿಚೀಲ ಎಲ್ಲದಕ್ಕೂ ಅದೇ ವಾಸನೆ. ಶಾಲೆಯಲ್ಲಿ ನನ್ನನ್ನು ಕಿಟಕಿಯ ಪಕ್ಕ ಒಬ್ಬಳನ್ನೇ ಕೂರಿಸಿದ್ದರು. ಕೂತೆ. ಬೇಸಿಗೆಯಲ್ಲಿ ಇಡೀ ಕ್ಲಾಸಿನಲ್ಲಿ ಗಾಳಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಒಂದು ತಮಾಷೆಯೆಂದರೆ ನಮ್ಮ ಮನೆಯ ಅಡುಗೆಗೆ ಇಂಗು ಹಾಕುತ್ತಿರಲಿಲ್ಲ. ರೊಟ್ಟಿ, ಬ್ಯಾಳಿ, ಶುಕ್ರವಾರದ ಖೀಮಾ, ಯಾವುದಕ್ಕೂ ಹಾಕುವ ಅಗತ್ಯವಿರಲಿಲ್ಲ, ಅದು ತಾನಾಗಿಯೇ ಬಂದು ಸೇರಿರುತ್ತಿತ್ತು.

ಅಬ್ಬಾ ಆ ಇಂಗನ್ನು ಸಂಡೂರು, ಕಂಪ್ಲಿ, ಚೋರನೂರು, ಯಶವಂತನಗರ ಎಂದು ಸಂತೆಯಿಂದ ಸಂತೆಗೆ ಒಯ್ದು ಮಾರುತ್ತಿದ್ದ. ಬಸ್ಸಿನ ಒಳಗೆ ಅವನ ಚೀಲಕ್ಕೆ ಜಾಗವಿಲ್ಲ, ಚೀಲದ ಜೊತೆ ಅವನೂ ಟಾಪಿನ ಮೇಲೆ ಕೂತು ಹೋಗುತ್ತಿದ್ದ. ಸಂತೆಯಲ್ಲಿ ಬಳೆಯವರು, ಮೆಣಸಿನಕಾಯಿಯವರು, ಪಾತ್ರೆಯವರು ಎಲ್ಲರೂ ಗಂಟಲು ಹರಿದುಕೊಂಡು ಕೂಗುತ್ತಾರೆ. ನಮ್ಮ ಅಬ್ಬಾ ಒಮ್ಮೆಯೂ ಕೂಗಿದವನಲ್ಲ. ಕೂಗದೆಯೇ ಗಿರಾಕಿ ಬರುತ್ತಾರಲ್ಲ, ವಾಸನೆಯೇ ಕರೆಯುತ್ತದೆ ಎನ್ನುತ್ತಿದ್ದ. ಅದು ಅರ್ಧ ನಿಜ. ಉಳಿದರ್ಧ ನಿಜವನ್ನು ಅವನು ದಿನಾ ಊಟಕ್ಕೆ ಕೂತಾಗ ನಮಗೆ ಬಡಿಸುತ್ತಿದ್ದ:

“ನಾವು ಬಂದೋರು. ನಮ್ಮ ದನಿ ನಮ್ಮ ಬಾಗಿಲಾ ದಾಟಬಾರ್ದು.”

ಊಟದ ಹೊತ್ತಿನ ಭಾಷೆ ನಮ್ಮದು ಉರ್ದು. ಆದರೆ ಈ ಮಾತನ್ನು ಮಾತ್ರ ಅವನು ಕನ್ನಡದಲ್ಲೇ ಹೇಳುತ್ತಿದ್ದ, ಗೋಡೆಯಾಚೆ ಯಾರಾದರೂ ಕೇಳಿಸಿಕೊಂಡು ಸಮಾಧಾನಪಡಲಿ ಎಂಬಂತೆ.

ಇಂಗಿನ ಕೋಣೆಯ ಭಾಷೆ ಕನ್ನಡ. ಅಲ್ಲಿ ಕೆಲಸ ಮಾಡುತ್ತಿದ್ದವರು ನನ್ನ ಅಮ್ಮಿ, ಓಣಿಯ ಮಾಬುನ್ನಿ, ಮತ್ತು ಮೊದಲು ಮಿಲ್ಲಿನಲ್ಲಿದ್ದು ಆಮೇಲೆ ನಮ್ಮಲ್ಲಿಗೆ ಬಂದ ಹುಲಿಗೆಮ್ಮ. ಹುಲಿಗೆಮ್ಮನಿಗೆ ಉರ್ದು ಬಾರದು, ಅವಳೆದುರು ಉರ್ದು ಮಾತಾಡಿದರೆ ಅವಳನ್ನೇ ಆಡಿಕೊಂಡಂತಾಗುತ್ತದೆ ಎಂದು ದಾದಿಯ ಕಟ್ಟಪ್ಪಣೆ. ಆದರೆ ಮಾತಾಡುವುದಾದರೂ ಹೇಗೆ? ತೊಟ್ಟಿಯಂಥ ಮರದ ದೋಣಿಯಲ್ಲಿ ಕಚ್ಚಾ ಇಂಗು ಸುರಿದು, ಗೋಂದಿನ ನೀರು, ಮೈದಾ ಹಾಕಿ ನಾದಬೇಕು. ಅದರ ಘಾಟು ಮೂಗಿಗೆ, ಗಂಟಲಿಗೆ ಹೊಕ್ಕರೆ ಉಸಿರು ಕಟ್ಟುತ್ತದೆ. ಹಾಗಾಗಿ ಮೂವರೂ ಹಳೇ ಸೀರೆಯ ಪಟ್ಟಿಯಿಂದ ಮೂಗು ಬಾಯಿ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದರು. ನಾದಲು ಶುರುಮಾಡಿದ ಮೇಲೆ ಹದ ಬರುವ ತನಕ ಕೈ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಗಂಟುಗಂಟಾಗಿ ಇಡೀ ದೋಣಿಯೇ ಹಾಳು. ಬಾಯಿ ಕಟ್ಟಿದೆ, ಕೈ ಅಂಟಿದೆ, ಅವರ ಹತ್ತಿರ ಉಳಿದದ್ದು ಕಣ್ಣು ಮಾತ್ರ. ಬಾಯಿ ಕಟ್ಟದೆ ಆ ಕೋಣೆಯಲ್ಲಿ ಇದ್ದವಳು ನಾನೊಬ್ಬಳು. ಬಾಗಿಲ ಬಳಿ ಮಣೆಯ ಮೇಲೆ ಕೂತು, ಅವರು ಕಣ್ಣು ಮಾಡಿದಾಗ ಗೋಂದಿನ ನೀರು ಹಾಕುವುದು ನನ್ನ ಕೆಲಸ.

ಮೊದಮೊದಲು ಕೇಳುತ್ತಿದ್ದದ್ದು ಇಷ್ಟೇ, ‘ನೀರು ಬೇಕಾ ಅಮ್ಮಿ?’ ಅಮ್ಮಿ ರೆಪ್ಪೆ ಬಡಿದರೆ ಹೌದು, ಹುಬ್ಬು ಏರಿಸಿದರೆ ಅಲ್ಲ. ಆಮೇಲೆ ನೋಡಿದರೆ ಆ ಕಣ್ಣುಗಳು ನೀರನ್ನಷ್ಟೇ ಕೇಳುತ್ತಿರಲಿಲ್ಲ. ಮಾಬುನ್ನಿಗೂ ಹುಲಿಗೆಮ್ಮನಿಗೂ ಬೆಳಿಗ್ಗೆ ನಳದ ಹತ್ತಿರ ಜಗಳವಾಗಿರುತ್ತಿತ್ತು. ಅದು ಕಣ್ಣಿನಲ್ಲೇ ಮುಂದುವರಿಯುತ್ತಿತ್ತು. ನನಗೆ ಸುಮ್ಮನೆ ಕೂರಲಾಗದೆ ಇಬ್ಬರ ಪರವಾಗಿಯೂ ನಾನೇ ಬಾಯಿ ಹಾಕಿದೆ.

“ನನ್ನ ಕೊಡ ಸರಿಸಿ ನಿನ್ನ ಕೊಡ ಇಟ್ಯಲ್ಲಬೇ ಮಾಬುನ್ನಿ, ನಳಾ ನಿಮ್ಮಪ್ಪ ಹಾಕ್ಸ್ಯಾನೇನು?”

“ಹೂಂ, ನಮ್ಮಪ್ಪ ಹಾಕ್ಸಿದ್ರ ನಿನಗ ಒಂದು ಹನಿ ಬಿಡ್ತಿದ್ದಿಲ್ಲ ತಗಾ!”

ಮಾತು ಸರಿಯಾಗಿ ಬಂದರೆ ಅವರ ಭುಜ ಕುಲುಕುತ್ತಿದ್ದವು. ತಪ್ಪಿದರೆ ಮೊಣಕೈಯಿಂದ ದೋಣಿಗೆ ಗುದ್ದುತ್ತಿದ್ದರು. ಗುದ್ದಿದಾಗ ಇನ್ನೊಮ್ಮೆ, ಬೇರೆ ಥರ ಹೇಳಿ ನೋಡುತ್ತಿದ್ದೆ. ಮಾಬುನ್ನಿಯ ದನಿ ಮೂಗಿನಿಂದ ಬರಬೇಕು, ಹುಲಿಗೆಮ್ಮನದು ಎದೆಯಿಂದ, ಅಮ್ಮಿಯದು ಮಾತು ಮುಗಿಯುವ ಮೊದಲೇ ಸಣ್ಣಗಾಗಬೇಕು. ಇದೇ ನನ್ನ ಶಾಲೆ. ಕನ್ನಡ ಎಲ್ಲಿ ಕಲಿತಿರಿ ಎಂದು ಕೇಳುವವರು ಬರೆದಿಟ್ಟುಕೊಳ್ಳಲಿ. ಇವತ್ತಿಗೂ ಒಂದು ಸಂಭಾಷಣೆ ಬರೆದ ಮೇಲೆ ಜೋರಾಗಿ ಓದಿ, ದೋಣಿಗೆ ಯಾರಾದರೂ ಗುದ್ದಿದರೇ ಎಂದು ಕಿವಿಗೊಡುತ್ತೇನೆ.

ಈಗ ಮಿಲ್ಲಿನ ಸಾಹುಕಾರರ ವಿಷಯ. ನಮ್ಮ ಮನೆಯ ಮಾಲೀಕರೂ ಅವರೇ. ಹಣೆ ತುಂಬ ವಿಭೂತಿ, ಗರಿಗರಿ ಧೋತರ. ಅಬ್ಬಾ ಹುಟ್ಟಿದ್ದು ಅವರದೇ ಆ ಮನೆಯಲ್ಲಿ, ಆದರೂ ಅವರು ಅವನನ್ನು ಕರೆಯುತ್ತಿದ್ದದ್ದು ‘ಕಾಬೂಲಿ’ ಎಂದೇ. ನಮ್ಮ ಬಾಗಿಲಿಗೆ ಬಂದಾಗಲೆಲ್ಲ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು, “ಏನ್ ನಾತಪಾ ಇದು! ಪೂಜಿಗೆ ಕುಂತ್ರ ನಮ್ಮ ದೇವರು ಸೈತ ಮಾರಿ ತಿರುಗಿಸ್ತಾನ” ಎನ್ನುತ್ತಿದ್ದರು. ಹಾಗೆನ್ನುತ್ತಲೇ ಇನ್ನೊಂದು ಕೈ ಮುಂದೆ ಚಾಚುತ್ತಿದ್ದರು. “ಒಂದೀಟು ಕೊಡು, ಉಪ್ಪಿನಕಾಯಿಗೆ ಬೇಕಂತ.” ಒಂದು ಕೈ ಮೂಗಿಗೆ, ಒಂದು ಕೈ ಇಂಗಿಗೆ. ಇದನ್ನು ನಾನು ಕೋಣೆಯಲ್ಲಿ ಮಾಡಿ ತೋರಿಸಿದಾಗ ಅಮ್ಮಿಗೆ ಬಟ್ಟೆಯೊಳಗೇ ಕೆಮ್ಮು ಹತ್ತಿತ್ತು.

ಒಂದು ಮಧ್ಯಾಹ್ನ ಹುಲಿಗೆಮ್ಮನ ಕಣ್ಣು ಬೇರೆಯದೇ ಏನೋ ಹೇಳುತ್ತಿತ್ತು. ಗೋಡೆಯಾಚೆ ಮಿಲ್ಲಿನಲ್ಲಿ ಬೆಳಗಿನ ಪಾಳಿ ಬಿಡುವ ಗಂಟೆ ಹೊಡೆದಿತ್ತು. ನಾದುತ್ತಲೇ ಅವಳು ಸೊಂಟದ ಕಡೆ ನೋಡಿದಳು, ಗಲ್ಲ ಕೊಡವಿದಳು, ಮತ್ತೆ ಸೊಂಟ ನೋಡಿದಳು. ನನಗೆ ಗೊತ್ತಿದ್ದ ಸಂಗತಿಯೇ. ಮಿಲ್ಲಿನ ಗೇಟಿನಲ್ಲಿ, ಅಕ್ಕಿ ಕದ್ದಿದ್ದಾರೆಯೇ ನೋಡಲು, ಹೆಣ್ಣಾಳುಗಳ ಉಡಿಯನ್ನು ಗಂಡಸರ ಮುಂದೆ ಬಿಚ್ಚಿ ಝಾಡಿಸುತ್ತಿದ್ದರು. ಹುಲಿಗೆಮ್ಮ ಆ ಕೆಲಸ ಬಿಟ್ಟದ್ದು ಅದಕ್ಕೇ. ನಾನು ಮಣೆಯಿಂದ ಎದ್ದು ನಿಂತು, ಸಾಹುಕಾರರ ದನಿ ತೆಗೆದೆ.

“ಉಡಿ ಝಾಡಿಸಬೇ! ಇನ್ನೂ ಝಾಡಿಸು! ಎಲ್ಲಿ ಇಟ್ಕೊಂಡೀದಿ ನನ್ನ ಅಕ್ಕಿ? ಏ ಗುಮಾಸ್ತ, ನೋಡಲೇ ಆಕೀ ಉಡಿ!”

ಯಾರೂ ನಗಲಿಲ್ಲ, ದೋಣಿಗೂ ಗುದ್ದಲಿಲ್ಲ. ಹುಲಿಗೆಮ್ಮ ರೆಪ್ಪೆ ಬಡಿದಳು, ಸರಿಯಾಗಿದೆ ಎಂದು. ಅಷ್ಟರಲ್ಲಿ ಕಿಟಕಿಗೆ ನೆರಳು ಬಿತ್ತು. ಮಿಲ್ಲಿನ ಚರಂಡಿ ನಮ್ಮ ಹಿಂದಿನ ಗೋಡೆಗೆ ಹತ್ತಿಕೊಂಡೇ ಹೋಗುತ್ತದೆ, ಅದನ್ನು ನೋಡಲು ಸಾಹುಕಾರರು ಬಂದಿದ್ದರು. ಹಿತ್ತಲ ಬಾಗಿಲು ದಬ್ಬಿಕೊಂಡು ಒಳಗೆ ಬಂದರು. ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಿದ್ದರು.

“ಯಾವಾಕಿ ಅದು ಮಾತಾಡಿದಾಕಿ?”

ಕೇಳುವ ಅಗತ್ಯವೇ ಇರಲಿಲ್ಲ. ಆ ಕೋಣೆಯಲ್ಲಿ ಕಟ್ಟದ ಬಾಯಿ ಒಂದೇ ಇತ್ತು.

ಸಂಜೆ ಅಬ್ಬಾ ಸಂಡೂರಿನಿಂದ ಬಂದು ಚೀಲ ಇಳಿಸುವ ಮೊದಲೇ ಸಾಹುಕಾರರು ಬಾಗಿಲಲ್ಲಿ ನಿಂತು ತೀರ್ಪು ಹೇಳಿದರು. ಬೆಳಿಗ್ಗೆ ಮಗಳನ್ನು ಮಿಲ್ಲಿನ ಅಂಗಳಕ್ಕೆ ಕರೆತರಬೇಕು, ಆಳುಗಳೆಲ್ಲರ ಮುಂದೆ ಅವಳು ತಪ್ಪಾಯಿತು ಎನ್ನಬೇಕು, ಇಲ್ಲವಾದರೆ ಮನೆ ಖಾಲಿ ಮಾಡಬೇಕು. ಅಬ್ಬಾ ತಲೆಯಾಡಿಸಿದ. ಊಟಕ್ಕೆ ಕೂತಾಗ ತಟ್ಟೆಯಲ್ಲಿ ರೊಟ್ಟಿ ಹಾಗೇ ಇತ್ತು. ನಾನು ಹೋಗುವುದಿಲ್ಲ ಎಂದೆ. ಅಬ್ಬಾ ಕೈ ಎತ್ತಿದ, ಅಮ್ಮಿ ನಡುವೆ ಬಂದಳು. ಆಗ ದಾದಿ ತನ್ನ ಕಂಪ್ಲಿ ಕನ್ನಡದಲ್ಲಿ ಶುರು ಮಾಡಿದಳು.

“ಕೂಸಿನ ಮ್ಯಾಲ ಯಾಕ ಕೈ ಎತ್ತತೀಯಾ? ಆಕಿ ಸುಳ್ಳು ಅಂದ್ಲಾ?”

“ಸುಳ್ಳೋ ಖರೇನೋ, ನಮಗ್ಯಾಕ ಅಮ್ಮಾ? ನಾವು ಬಂದೋರು.”

“ಏನ್ ಹಚ್ಚೀಯೋ ಅದೊಂದಾ! ಬಂದಾಂವ ನಿಮ್ಮಪ್ಪ. ನಾ ಎಲ್ಲಿಂದ ಬಂದೀನಿ? ಕಂಪ್ಲಿಯಿಂದ. ನೀ ಎಲ್ಲಿ ಹುಟ್ಟೀದಿ? ಇದಾ ಪಡಸಾಲ್ಯಾಗ, ಅಲ್ಲಿ, ಆ ಕಂಬದ ಹತ್ರ. ಹೆತ್ತಾಕಿ ನಾನು, ನನಗ ಗೊತ್ತಿಲ್ಲೇನು?”

ಅಬ್ಬಾ ತಟ್ಟೆ ಬಿಟ್ಟು ಎದ್ದ. ಅವನನ್ನು ನಾನು ಆಗ ದ್ವೇಷಿಸಿದೆ, ಅದನ್ನು ಮುಚ್ಚಿಡುವುದಿಲ್ಲ. ಟಾಪಿನ ಮೇಲೆ ಕೂತು ಬಿಸಿಲಲ್ಲಿ ಬೇಯುವ, ಸಂತೆಯಲ್ಲಿ ಕೂಗದ, ಕಾಬೂಲಿ ಎಂದರೆ ಓಗೊಡುವ ಅಪ್ಪ ನನಗೆ ಬೇಡವಾಗಿದ್ದ.

ಬೆಳಿಗ್ಗೆ ರಟ್ಟೆ ಹಿಡಿದು ಕರೆದುಕೊಂಡು ಹೋದ. ಮಿಲ್ಲಿನ ಅಂಗಳದಲ್ಲಿ ಭತ್ತ ಹರವುತ್ತಿದ್ದ ಹೆಣ್ಣಾಳುಗಳು ಬುಟ್ಟಿ ಹಿಡಿದುಕೊಂಡೇ ನಿಂತರು. ಸಾಹುಕಾರರು ಜಗಲಿಯ ಮೇಲೆ ಕೂತಿದ್ದರು.

“ಬಂದ್ಯಾ ಕಾಬೂಲಿ? ಹೇಳ್ಸು.”

“ಹೇಳು ಖೈರು,” ಎಂದ ಅಬ್ಬಾ, ನೆಲ ನೋಡುತ್ತ. “ತಪ್ಪಾತು ಅನ್ನು. ಅಷ್ಟಾ. ಮನಿಗೆ ಹೋಗೂಣು.”

“ನಾ ಅಂದಿದ್ದು ಸುಳ್ಳಾ ಅಬ್ಬಾ?”

ಅಂಗಳಕ್ಕೆಲ್ಲ ಕೇಳಿಸಿತು. ಕೇಳಿಸಲಿ ಎಂದೇ ಕೇಳಿದ್ದು. ಸಾಹುಕಾರರು, “ನೋಡ್ರಿ ನಾಲಗಿ! ಉಂಡ ಮನಿ ಜಂತಿ ಎಣಸಾಕತ್ಯಾರ ಇವರು” ಎಂದು ಎದ್ದರು. ಆಗ ಹಿಂದಿನಿಂದ ಹುಲಿಗೆಮ್ಮನ ದನಿ ಬಂತು. ಕೆಲಸಕ್ಕೆಂದು ನಮ್ಮ ಮನೆಗೆ ಬಂದವಳು, ವಿಷಯ ತಿಳಿದು ನಮ್ಮ ಹಿಂದೆಯೇ ನಡೆದುಬಂದಿದ್ದಳು. ಬಾಯಿಗೆ ಕಟ್ಟುವ ಪಟ್ಟಿ ಅವಳ ಕೊರಳಲ್ಲಿ ಜೋತಾಡುತ್ತಿತ್ತು.

“ಕೂಸಿನ್ಯಾಕ ಕೇಳ್ತೀರಿ ಸಾಹುಕಾರ್ರ? ಆ ಮಾತು ಆಕೀದಲ್ಲ, ನಂದು. ನನ್ನ ಬಾಯಿ ಕಟ್ಟಿತ್ತು, ಅದಕ್ಕ ಆಕಿ ಅಂದ್ಲು. ಈಗ ಬಿಚ್ಚೈತಿ, ನಾನಾ ಅಂತೀನಿ, ಕೇಳ್ರಿ. ಲಗ್ನದಾಗ ನಮ್ಮವ್ವ ನನ್ನ ಉಡಿಗೆ ಅಕ್ಕಿ ತುಂಬಿ ಕಳಿಸಿದ್ಲು. ಅದಾ ಉಡಿ ನೀವು ದಿನಾ ಗಂಡಸ್ರ ಮುಂದ ಝಾಡಿಸಿದ್ರಿ. ಒಂದಾರ ಕಾಳು ಸಿಕ್ತಾ? ಸಿಕ್ಕಿದ್ರ ಹೇಳ್ರಿ. ತಪ್ಪಾತು ಅನ್ನಾಕ ನಾ ಬಂದು ನಿಂತೀನಿ.”

ಇಷ್ಟು ದಿನ ಅವಳ ಮಾತನ್ನು ನಾನು ಆಡುತ್ತಿದ್ದೆ. ಅವಳು ತಾನೇ ಆಡಿದಾಗ ನನ್ನದೆಲ್ಲ ಎಷ್ಟು ಸಪ್ಪೆ ಎನ್ನಿಸಿ, ಅಂಥ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು. ಬುಟ್ಟಿ ಹಿಡಿದ ಹೆಂಗಸರು ಯಾರೂ ಕೆಲಸಕ್ಕೆ ತಿರುಗಲಿಲ್ಲ. ಸಾಹುಕಾರರು ಅವರನ್ನೆಲ್ಲ ಒಮ್ಮೆ ನೋಡಿ, ನಮ್ಮ ಕಡೆ ತಿರುಗಿ, “ಮನಿ ಖಾಲಿ ಮಾಡ್ರಿ” ಎಂದು ಒಳಗೆ ಹೋದರು. ನಾನು ತಪ್ಪಾಯಿತು ಎನ್ನಲಿಲ್ಲ. ಅಂದೂ ಅನ್ನಲಿಲ್ಲ, ಇಂದಿಗೂ ಅಂದಿಲ್ಲ.

ಮಿಲ್ಲಿನಲ್ಲಿ ಉಡಿ ಝಾಡಿಸುವುದು ಅದರಿಂದ ನಿಂತಿತೇ? ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ. ಮನೆ ಬಿಟ್ಟದ್ದು ನಾವು. ಬಾಡಿಗೆ ಮನೆ ಕೇಳಿಕೊಂಡು ಅಬ್ಬಾ ಓಣಿ ಓಣಿ ಅಲೆದ. ಕೆಲವರಿಗೆ ನಮ್ಮ ವಾಸನೆ ಆಗಲಿಲ್ಲ, ಕೆಲವರಿಗೆ ಹೆಸರು ಆಗಲಿಲ್ಲ. ಕೊನೆಗೆ ಕಾಲುವೆಯಾಚೆ, ಕಂಪ್ಲಿ ರಸ್ತೆಯ ಮಗ್ಗುಲಲ್ಲಿ ತಗಡಿನ ಸೂರಿನದೊಂದು ಮನೆ ಸಿಕ್ಕಿತು. ಇಂಗಿನ ದೋಣಿಯನ್ನು ಎತ್ತಿನ ಗಾಡಿಗೆ ಹಾಕಲು ಬಿಡದೆ ದಾದಿ, ಅಮ್ಮಿ, ಮಾಬುನ್ನಿ, ಹುಲಿಗೆಮ್ಮ ನಾಲ್ವರೂ ಹೊತ್ತುಕೊಂಡು ಪೇಟೆಯ ನಡುವೆಯೇ ನಡೆದರು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಂಡರು. ಅಬ್ಬಾ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದ.

ಮುಂದೆ ನಾನು ಇದನ್ನೇ ನಾಟಕ ಮಾಡಿದೆ. ಯಶವಂತನಗರದ ಗಣಿ ಕೆಲಸಗಾರರು ಕಟ್ಟಿಕೊಂಡ ತಂಡವೊಂದು ಸಂಡೂರಿನಲ್ಲಿ ಆಡುವ ದಿನ, ಬಣ್ಣ ಹಚ್ಚುವ ಕೋಣೆಗೆ ಕೆಲವರು ನುಗ್ಗಿ ಬಂದರು. ನಿಮ್ಮ ಜನರ ಕಥೆ ನೀವು ಬರೆಯಿರಿ, ನಮ್ಮ ಹೆಂಗಸರ ಉಡಿ ನಿಮಗ್ಯಾಕೆ ಎಂದರು. ಅರಿಶಿನ ಬಣ್ಣದ ಸೀರೆಯುಟ್ಟು, ಮುಂದಿನ ಕುರ್ಚಿಯೇ ಬೇಕೆಂದು ಆಗಲೇ ಹಿಡಿದು ಕೂತಿದ್ದ ಹುಲಿಗೆಮ್ಮನನ್ನು ಪರದೆಯ ಸಂದಿನಿಂದ ತೋರಿಸಿ, ಈ ಮಾತು ನನಗೆ ಕೊಟ್ಟವಳು ಅಲ್ಲಿದ್ದಾಳೆ, ವಾಪಸ್ ಇಸಿದುಕೊಳ್ಳಬೇಕಾದರೆ ಅವಳು ಇಸಿದುಕೊಳ್ಳಲಿ, ನೀವ್ಯಾರು ಎಂದೆ. ಹೆಸರಾದರೂ ಬದಲಿಸಿ, ‘ಇಂಗಿನ’ ತೆಗೆದು ಚೆನ್ನಾಗಿರುವ ಕಾವ್ಯನಾಮ ಇಟ್ಟುಕೊಳ್ಳಿ ಎಂದು ನಮ್ಮ ಪರವಾಗಿದ್ದವರೇ ಸಲಹೆ ಕೊಟ್ಟರು. ಬೆಲ್ಲದವರು, ಉಪ್ಪಿನವರು, ಎಣ್ಣೆಯವರು ಎಲ್ಲ ಈ ಸೀಮೆಯಲ್ಲಿ ತಮ್ಮ ಮನೆತನದ ಹೆಸರು ಹೇಳಿಕೊಂಡು ಎದೆ ಸೆಟೆಸಿ ಓಡಾಡುವಾಗ ನಾನೊಬ್ಬಳು ಯಾಕೆ ತೆಗೆಯಲಿ? ತೆಗೆಯಲಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ‘ಇಂಗಿನ ಖೈರುನ್ನಿಸಾ, ಹೊಸಪೇಟೆ’ ಎಂದೇ ಅಚ್ಚಾಯಿತು.

ಆ ಹೆಸರು ನನಗೆ ದಕ್ಕಿದ್ದು ತಗಡಿನ ಮನೆಯಲ್ಲಿ, ಅಲ್ಲಿ ಮೊದಲ ಸಲ ಇಂಗು ನಾದಿದ ದಿನ. ಹೊಸ ಕೋಣೆಗೆ ಕಿಟಕಿಯೇ ಇರಲಿಲ್ಲ, ಬಾಗಿಲು ನೇರ ರಸ್ತೆಗೆ. ಮೂವರೂ ಬಾಯಿಗೆ ಬಟ್ಟೆ ಕಟ್ಟಿ ದೋಣಿಯ ಸುತ್ತ ಕೂತರು. ನಾನು ಮಣೆ ಹಾಕಿಕೊಂಡು ಸುಮ್ಮನೆ ಕೂತೆ. ಯಾರೂ ಕಣ್ಣು ಮಾಡಲಿಲ್ಲ. ಅಬ್ಬಾ ಸಂತೆಗೆ ಹೊರಟವನು, ಹೆಗಲ ಮೇಲೆ ಚೀಲ ಇತ್ತು. ಎಂದಿನಂತೆ ಬಾಗಿಲು ಮುಚ್ಚಿ ಹೋಗಲು ಕದಕ್ಕೆ ಕೈ ಹಾಕಿದ. ಹಾಗೇ ನಿಂತ. ಆಮೇಲೆ ಚೀಲ ಇಳಿಸಿ ಗೋಡೆಗೆ ಆನಿಸಿದ. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮೂಗು ಬಾಯಿ ಬಿಗಿದು ಕಟ್ಟಿಕೊಂಡ. ನಮ್ಮ ಮನೆಯಲ್ಲಿ ನಾದುವುದು ಹೆಂಗಸರ ಕೆಲಸ, ಅವನು ಅಲ್ಲಿಯವರೆಗೆ ಆ ದೋಣಿ ಮುಟ್ಟಿದವನಲ್ಲ. ಬಂದು ಅಮ್ಮಿಯ ಪಕ್ಕ ಮಂಡಿಯೂರಿ, ಎರಡೂ ಕೈ ಇಂಗಿನಲ್ಲಿ ಊರಿದ. ಊರಿ, ತಲೆ ಎತ್ತಿ ನನ್ನನ್ನು ನೋಡಿದ.

ಅವನ ಕಣ್ಣನ್ನು ನಾನು ಹಾಗೆ ನೋಡಿದ್ದು ಅದೇ ಮೊದಲು. ಅಮ್ಮಿ, ಮಾಬುನ್ನಿ, ಹುಲಿಗೆಮ್ಮ ಎಲ್ಲರ ಕಣ್ಣೂ ನನಗೆ ಪಾಠವಾಗಿದ್ದವು, ಇವನದು ಮಾತ್ರ ಗೊತ್ತಿರಲಿಲ್ಲ. ಏನು ಹೇಳುತ್ತಿದ್ದಾನೆ ಎಂದು ನೋಡುತ್ತಲೇ ಇದ್ದೆ. ಘಾಟಿಗೆ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಅವನು ಕಣ್ಣು ತೆಗೆಯಲಿಲ್ಲ. ಒಮ್ಮೆ ತೆರೆದ ಬಾಗಿಲನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಆಗ ತಿಳಿಯಿತು. ನಾನು ಎದ್ದು ಹೊಸ್ತಿಲಿಗೆ ಹೋದೆ, ರಸ್ತೆಗೆ ಮುಖ ಮಾಡಿ ನಿಂತು, ಅಬ್ಬಾ ಯಾವ ಸಂತೆಯಲ್ಲೂ ಕೂಗದೆ ಬಿಟ್ಟಿದ್ದ ಕೂಗನ್ನು, ಅವನ ಒಡಕು ದನಿಯಲ್ಲೇ, ಗಂಟಲು ಹರಿಯುವಂತೆ ಕೂಗಿದೆ.

“ಇಂಗು! ಇಂಗ್ರೀ ಇಂಗು! ಕಾಬೂಲಿ ಇಂಗಲ್ರೀ, ಹೊಸಪೇಟಿ ಇಂಗು!”

ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲು ನಿಂತಿತು, ಎದುರು ಮನೆಯ ಹೆಂಗಸು ಹೊರಗೆ ಬಂದಳು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಹಿಂದೆ ತಿರುಗಿ ನೋಡಿದೆ. ಅಬ್ಬಾ ದೋಣಿಗೆ ಗುದ್ದಲಿಲ್ಲ. ರೆಪ್ಪೆ ಬಡಿದ.